ಚಿಪ್ಸ್ ಕಡಿಮೆ ಉಳಿದಾಗ: ಆಲ್-ಇನ್, ಸಣ್ಣ ರೈಸ್, ಕಾಯುವುದು, ಯಾವುದು ಯಾವಾಗ?

ಪೋಕರ್ ಆಡುವವರಿಂದ ಪ್ರಶ್ನೆ ಸಾಮಾನ್ಯವಾಗಿ ಹೀಗೆ ಬರುತ್ತದೆ. “ಟೂರ್ನಮೆಂಟ್‌ನಲ್ಲಿ ನನ್ನ ಹತ್ತಿರ 12 ಬಿಗ್ ಬ್ಲೈಂಡ್ ಉಳಿದಿದೆ. ಕಟ್‌ಆಫ್‌ನಲ್ಲಿ ಕೂತಿದ್ದೇನೆ. ಎಕ್ಕ-ಎಂಟು ಬಂತು, ಬೇರೆ ಬೇರೆ ಸೂಟು. ನನ್ನ ತನಕ ಎಲ್ಲರೂ ಫೋಲ್ಡ್. ಈಗ ಪೂರ್ತಿ ತಳ್ಳಲಾ, ಎರಡು ಬ್ಲೈಂಡ್‌ಗೆ ಸಣ್ಣದಾಗಿ ರೈಸ್ ಮಾಡಲಾ, ಇಲ್ಲ ಒಳ್ಳೆ ಎಲೆ ಬರುವ ತನಕ ಕಾಯಲಾ?” ಕೇಳುವವರ ಕಣ್ಣೆಲ್ಲ ಆ ಎಕ್ಕದ ಮೇಲೆ. ಆದರೆ ಉತ್ತರದ ಮುಕ್ಕಾಲು ಭಾಗ ಇನ್ನೂ ಆಡಬೇಕಾದ ಆ ಮೂವರ ಹತ್ತಿರ ಇದೆ. ಕಟ್‌ಆಫ್ ಅಂದರೆ ಬಟನ್‌ಗೆ (ಎಲೆ ಹಂಚುವವರ ಜಾಗಕ್ಕೆ) ಹಿಂದಿನ ಕುರ್ಚಿ, ಅದರ ನಂತರ ಆಡುವವರು ಬಟನ್, ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್.

ಇಲ್ಲಿರುವುದು ನೋ-ಲಿಮಿಟ್ ಹೋಲ್ಡೆಮ್ ಮಾತು: ಪ್ರತಿಯೊಬ್ಬರಿಗೂ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಬೇಕೆಂದಾಗ ಪೂರ್ತಿ ಚಿಪ್ಸ್ ತಳ್ಳಬಹುದು. ಸ್ಟಾಕ್, ಅಂದರೆ ನಿಮ್ಮ ಹತ್ತಿರದ ಚಿಪ್ಸ್, 25 ಬಿಗ್ ಬ್ಲೈಂಡ್‌ಗಿಂತ ಕೆಳಗಿಳಿದಾಗ ಆಟದ ರೀತಿಯೇ ಬದಲಾಗುತ್ತದೆ. ಫ್ಲಾಪ್ (ನಡುವಿನ ಮೊದಲ ಮೂರು ಎಲೆ), ಟರ್ನ್ (ನಾಲ್ಕನೆಯದು), ರಿವರ್ (ಐದನೆಯದು) ತನಕ ಎಳೆದು ಜಾಣತನ ತೋರಿಸುವಷ್ಟು ಚಿಪ್ಸ್ ಇರುವುದಿಲ್ಲ. ಹೆಚ್ಚಿನ ನಿರ್ಧಾರ ಫ್ಲಾಪ್‌ಗೆ ಮೊದಲೇ ಮುಗಿಯುತ್ತದೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಎಲ್ಲ ಉದಾಹರಣೆಗೂ ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಕಟ್ಟಬೇಕಾದ ಚಿಪ್ಸ್) 500/1000, ಬಿಗ್ ಬ್ಲೈಂಡ್‌ನವರು ಅದರ ಜೊತೆಗೆ ಕಟ್ಟುವ ಆಂಟೆ 1000 ಅಂತ ಇಟ್ಟುಕೊಳ್ಳೋಣ. ಅಂದರೆ ಎಲೆ ಹಂಚುವ ಹೊತ್ತಿಗೇ ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಸೇರುವ ನಡುವಿನ ರಾಶಿಯಲ್ಲಿ, 2500. ಇನ್ನು ಮುಂದೆ ಬರೀ “ಬ್ಲೈಂಡ್” ಅಂದರೆ ಬಿಗ್ ಬ್ಲೈಂಡ್ ಎಂದೇ ಓದಿಕೊಳ್ಳಿ. ಪಾಟ್‌ನಲ್ಲಿ ಆಗಲೇ ಎರಡೂವರೆ ಬ್ಲೈಂಡ್ ಬಿದ್ದಿದೆ. ಜಗಳವೆಲ್ಲ ಅದಕ್ಕೇ.

ಯಾವುದನ್ನು ನೋಡಿ ಆಯ್ಕೆ ಮಾಡಬೇಕು

ಮೊದಲನೆಯದು ಎಫೆಕ್ಟಿವ್ ಸ್ಟಾಕ್, ಅಂದರೆ ಇಬ್ಬರಲ್ಲಿ ಯಾರದು ಕಡಿಮೆಯೋ ಅಷ್ಟು. ನಿಮ್ಮ ಹತ್ತಿರ 40 ಬ್ಲೈಂಡ್ ಇದ್ದು, ನಿಮ್ಮ ನಂತರ ಆಡುವವರ ಹತ್ತಿರ 9 ಮಾತ್ರ ಇದ್ದರೆ ನೀವು ಆಡುತ್ತಿರುವುದು 9 ಬ್ಲೈಂಡ್ ಆಟವನ್ನೇ. ದೊಡ್ಡ ಸ್ಟಾಕ್ ಇದೆ ಅಂತ ಎರಡು ಬ್ಲೈಂಡ್ ಹಾಕಿ, ಆಮೇಲೆ ಅವರು ತಳ್ಳಿದಾಗ ತಲೆ ಕೆರೆದುಕೊಳ್ಳುವವರು ಬಹಳ ಜನ.

ಎರಡನೆಯದು, ಎದುರಿನವರು ಎಲೆ ಬಿಸಾಡುವ ಸಾಧ್ಯತೆ. ಆಟಗಾರರು ಇದನ್ನು ಫೋಲ್ಡ್ ಈಕ್ವಿಟಿ ಅನ್ನುತ್ತಾರೆ. ಇದರಲ್ಲಿ ಎರಡು ಭಾಗ ಇದೆ. ಎಷ್ಟು ಜನ ಬಾಕಿ ಇದ್ದಾರೆ ಅನ್ನುವುದು ಒಂದು. ಪ್ರತಿಯೊಬ್ಬರೂ ಮೇಲಿನ ಶೇ 10ರಷ್ಟು ಕೈಗಳಲ್ಲಿ ಮಾತ್ರ ಕಾಲ್ ಮಾಡುತ್ತಾರೆ (ನಿಮ್ಮಷ್ಟೇ ಹಾಕಿ ಎದುರಿಸುತ್ತಾರೆ) ಅಂದುಕೊಂಡರೂ, ಒಬ್ಬರೇ ಬಾಕಿ ಇದ್ದಾಗ ಶೇ 90 ಬಾರಿ ಪಾಟ್ ನಿಮ್ಮದು. ಮೂವರಿದ್ದರೆ ಶೇ 73. ಐವರಿದ್ದರೆ ಶೇ 59. ಎಂಟು ಜನ ಇದ್ದರೆ ಶೇ 43ಕ್ಕೆ ಇಳಿಯುತ್ತದೆ. ಅದೇ ಎಲೆ, ಅದೇ ಸ್ಟಾಕ್, ಕುರ್ಚಿ ಮಾತ್ರ ಬೇರೆ.

ಇನ್ನೊಂದು ಭಾಗ, ಅವರಿಗೆ ಕಾಲ್ ಎಷ್ಟು ಅಗ್ಗವಾಗಿ ಸಿಗುತ್ತಿದೆ ಅನ್ನುವುದು. ನೀವು ಬಟನ್‌ನಿಂದ 10 ಬ್ಲೈಂಡ್ ತಳ್ಳಿದರೆ, ಬಿಗ್ ಬ್ಲೈಂಡ್‌ನವರು 12.5 ಇರುವ ಪಾಟ್‌ಗೆ 9 ಹಾಕಬೇಕು. ಅವರಿಗೆ ಶೇ 42ರಷ್ಟು ಗೆಲ್ಲುವ ಅವಕಾಶ ಬೇಕು. 5 ಬ್ಲೈಂಡ್ ತಳ್ಳಿದರೆ ಶೇ 35 ಸಾಕು. 3 ಬ್ಲೈಂಡ್ ತಳ್ಳಿದರೆ ಶೇ 27. ಶೇ 27 ಅಂದರೆ ಕಣ್ಣು ಮುಚ್ಚಿಕೊಂಡು ಕಾಲ್ ಮಾಡಬಹುದಾದ ಬೆಲೆ. ಸ್ಟಾಕ್ ಕರಗುತ್ತಾ ಹೋದಂತೆ ನಿಮ್ಮ ಬೆದರಿಕೆಯೂ ಕರಗುತ್ತದೆ.

ಮೂರನೆಯದು, ಕಾಲ್ ಆದ ಮೇಲೆ ನಿಮ್ಮ ಎಲೆಗೆ ಎಷ್ಟು ಜೀವ ಇದೆ ಅನ್ನುವುದು. ಎಕ್ಕ-ಎರಡು ನೋಡಲು ಚಂದ. ಆದರೆ ಎದುರು ಎಕ್ಕ-ರಾಜ ಬಂದರೆ ಗೆಲ್ಲುವ ಪಾಲು ಸುಮಾರು ನಾಲ್ಕರಲ್ಲಿ ಒಂದು. ಅದೇ ಎಕ್ಕ-ರಾಜದ ಎದುರು ಒಂದೇ ಸೂಟಿನ ಒಂಬತ್ತು-ಎಂಟಕ್ಕೆ ಸುಮಾರು ಶೇ 40 ಅವಕಾಶ ಇದೆ. ದೊಡ್ಡ ಜೋಡಿ ಎದುರಾದರೆ ಎರಡರ ಗತಿಯೂ ಅಷ್ಟಕ್ಕಷ್ಟೆ. ಹಾಗಂತ ಎಕ್ಕಕ್ಕೆ ಬೇರೆ ಲಾಭ ಇಲ್ಲ ಅಂತಲ್ಲ. ಒಂದು ಎಕ್ಕ ನಿಮ್ಮ ಕೈಯಲ್ಲಿದ್ದರೆ ಎದುರಿನವರಿಗೆ ಎಕ್ಕದ ಜೋಡಿ ಬರುವ ದಾರಿಗಳು ಆರರಿಂದ ಮೂರಕ್ಕೆ ಇಳಿಯುತ್ತವೆ. ಎಕ್ಕ-ರಾಜದ ದಾರಿಗಳು ಹದಿನಾರರಿಂದ ಹನ್ನೆರಡಕ್ಕೆ. ಅಂದರೆ ಕಾಲ್ ಬರುವುದೇ ಸ್ವಲ್ಪ ಕಡಿಮೆಯಾಗುತ್ತದೆ.

ನಾಲ್ಕನೆಯದು, ಚಿಪ್ಸ್ ಹಾಕಿ ಹಿಂದೆ ಸರಿದರೆ ಎಷ್ಟು ಹೋಗುತ್ತದೆ? ಜನ ಹೆಚ್ಚು ಮರೆಯುವುದು ಇದನ್ನೇ, ನನ್ನ ಪ್ರಕಾರ ಹೆಚ್ಚು ದುಬಾರಿಯೂ ಇದೇ. 100 ಬ್ಲೈಂಡ್ ಇದ್ದವರು ಎರಡು ಬ್ಲೈಂಡ್ ಹಾಕಿ ಬಿಟ್ಟರೆ ಶೇ 2 ಹೋಯಿತು, ಯಾರಿಗೂ ಗೊತ್ತಾಗಲ್ಲ. 10 ಬ್ಲೈಂಡ್ ಇದ್ದವರು ಅದೇ ಕೆಲಸ ಮಾಡಿದರೆ ಸ್ಟಾಕ್‌ನ ಐದನೇ ಒಂದು ಭಾಗ ಹೋಯಿತು.

ಕೊನೆಯದು ಬಹುಮಾನದ ರೀತಿ. ಎಲ್ಲ ಆಟದಲ್ಲೂ ಒಂದು ಚಿಪ್‌ಗೆ ಒಂದೇ ಬೆಲೆ ಇರುವುದಿಲ್ಲ. ಅದನ್ನು ಕೆಳಗೆ ಬಿಡಿಸಿ ನೋಡೋಣ.

ಪೂರ್ತಿ ತಳ್ಳುವುದು

ಸ್ಮಾಲ್ ಬ್ಲೈಂಡ್‌ನಲ್ಲಿ ನೀವಿದ್ದೀರಿ. ಕಟ್ಟಿದ ಅರ್ಧ ಬ್ಲೈಂಡ್ ಸೇರಿ 10 ಇದೆ, ಅಂದರೆ ಕೈಯಲ್ಲಿ ಉಳಿದಿರುವುದು 9.5. ಎಲ್ಲರೂ ಎಲೆ ಎಸೆದಿದ್ದಾರೆ. ಬಿಗ್ ಬ್ಲೈಂಡ್‌ನವರು ಮಾತ್ರ ಬಾಕಿ. ನೀವು ತಳ್ಳಿದಾಗ ಅವರು ಎಸೆದರೆ 2.5 ಲಾಭ. ಕಾಲ್ ಮಾಡಿದರೆ ಆಂಟೆ ಸೇರಿ ಪಾಟ್ 21 ಆಗುತ್ತದೆ. ನಿಮ್ಮ ಎಲೆ ಸಾಧಾರಣ, ಕಾಲ್ ಆದಾಗ ಗೆಲ್ಲುವ ಪಾಲು ಶೇ 35 ಅಂದುಕೊಳ್ಳಿ. 21ರಲ್ಲಿ ನಿಮ್ಮ ಪಾಲು 7.35. ಹಾಕಿದ್ದು 9.5. ಅಂದರೆ ಕಾಲ್ ಆದಾಗಲೆಲ್ಲ ಸರಾಸರಿ ನಷ್ಟ 2.15 ಅಷ್ಟೇ. ಅವರು ಶೇ 46 ಬಾರಿ ಎಸೆದರೆ ಸಾಕು, ನಿಮಗೆ ನಷ್ಟವಿಲ್ಲ. ಅದಕ್ಕಿಂತ ಜಾಸ್ತಿ ಎಸೆದರೆ ಉಳಿದಿದ್ದೆಲ್ಲ ಲಾಭ.

ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದವರಿಗೆ ಆಲ್-ಇನ್ ಬಗ್ಗೆ ಇರುವ ಅರ್ಧ ಭಯ ಹೋಗುತ್ತದೆ. ಇಬ್ಬರೇ ಉಳಿದ ಆಟದಲ್ಲಿ, ಆಂಟೆ ಇಲ್ಲದೆ, 10 ಬ್ಲೈಂಡ್‌ಗೆ ಗಣಿತದ ಪ್ರಕಾರ ಸರಿಯಾದ ಪಟ್ಟಿ ನೋಡಿದರೆ ಸ್ಮಾಲ್ ಬ್ಲೈಂಡ್‌ನವರು ಅರ್ಧಕ್ಕಿಂತ ಹೆಚ್ಚು ಕೈಗಳನ್ನು ತಳ್ಳುತ್ತಾರೆ. ಹೊಸಬರು ಅದರ ಅರ್ಧದಷ್ಟೂ ತಳ್ಳುವುದಿಲ್ಲ.

ತಳ್ಳುವುದರಲ್ಲಿ ಇನ್ನೂ ಎರಡು ಲಾಭ ಇದೆ. ಒಂದು, ಐದೂ ಎಲೆ ನೋಡುವ ಹಕ್ಕು ನಿಮಗೆ ಸಿಕ್ಕಿಬಿಡುತ್ತದೆ, ನಡುವೆ ಯಾರೂ ಹೆದರಿಸಿ ಓಡಿಸಲಾಗದು. ಎರಡು, ಫ್ಲಾಪ್ ನಂತರ ತಪ್ಪು ಮಾಡುವ ಅವಕಾಶವೇ ಇಲ್ಲ. ಎದುರಿಗೆ ನಿಮಗಿಂತ ಬಲವಾದ ಆಟಗಾರ ಕೂತಿದ್ದರೆ ಇದು ಸಣ್ಣ ಲಾಭವಲ್ಲ. ಅವರ ಅನುಭವವನ್ನೆಲ್ಲ ಒಂದೇ ಏಟಿಗೆ ಬದಿಗೆ ಸರಿಸಿದಂತೆ.

ನಷ್ಟ ಏನು? ಎಕ್ಕದ ಜೋಡಿ ಬಂದಾಗಲೂ ಎಲ್ಲರನ್ನೂ ಓಡಿಸಿ ಎರಡೂವರೆ ಬ್ಲೈಂಡ್‌ಗೆ ತೃಪ್ತಿಪಡಬೇಕಾಗಬಹುದು. ಸ್ಟಾಕ್ ದೊಡ್ಡದಾದಷ್ಟೂ ಬೆಲೆ ಏರುತ್ತದೆ. 20 ಬ್ಲೈಂಡ್ ಒಡ್ಡಿ 2.5 ಗೆಲ್ಲಲು ಹೊರಟರೆ, ಒಂದು ಬಾರಿ ಸಿಕ್ಕಿಹಾಕಿಕೊಂಡಿದ್ದಕ್ಕೆ ಎಂಟು ಬಾರಿ ಗೆದ್ದಿದ್ದು ಸಮ. ಆಂಟೆ ಇಲ್ಲದ ಆಟದಲ್ಲಿ ಸಿಗುವುದು ಬರೀ 1.5, ಆಗ ತಳ್ಳುವ ಕೈಗಳನ್ನು ಇನ್ನೂ ಬಿಗಿ ಮಾಡಬೇಕು. ಆಂಟೆ ಇದೆಯೋ ಇಲ್ಲವೋ ನೋಡದೆ ಒಂದೇ ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಮ್ನೆ ಕೈ ಸುಟ್ಟುಕೊಳ್ಳುವ ದಾರಿ.

ಈಗ ಆ ಎಕ್ಕ-ಎಂಟು. ಬಾಕಿ ಮೂವರೂ ಮೇಲಿನ ಶೇ 12ರಷ್ಟು ಕೈಗಳಲ್ಲಿ ಕಾಲ್ ಮಾಡುತ್ತಾರೆ ಅನ್ನೋಣ. ಮೂವರೂ ಎಸೆಯುವುದು ಶೇ 68 ಬಾರಿ. ಕಾಲ್ ಆದಾಗ ನಿಮ್ಮ ಪಾಲು ಸುಮಾರು ಮೂರರಲ್ಲೊಂದು. ಎಲ್ಲ ಕೂಡಿ ಕಳೆದರೆ ಪ್ರತಿ ಬಾರಿ ಅರ್ಧ ಬ್ಲೈಂಡ್‌ಗಿಂತ ಸ್ವಲ್ಪ ಜಾಸ್ತಿ ಲಾಭ. ಅವರು ಸಡಿಲವಾಗಿ ಶೇ 20ರಷ್ಟು ಕೈಗಳಲ್ಲಿ ಕಾಲ್ ಮಾಡಿದರೆ? ಕಾಲ್ ಜಾಸ್ತಿ ಬರುತ್ತದೆ, ನಿಜ. ಆದರೆ ಆಗ ಅವರು ಹಿಡಿದ ಎಲೆಯೂ ಸಡಿಲವೇ, ನಿಮ್ಮ ಪಾಲು ಶೇ 40ರ ಹತ್ತಿರ ಏರುತ್ತದೆ. ಲಾಭ ಸ್ವಲ್ಪ ಇಳಿಯುತ್ತದೆ, ಮುಗಿದುಹೋಗುವುದಿಲ್ಲ. ಹಾಗಾಗಿ 12 ಬ್ಲೈಂಡ್, ಕಟ್‌ಆಫ್, ಎಕ್ಕ-ಎಂಟು: ತಳ್ಳಿ. ಅದೇ ಎಲೆ ಒಂಬತ್ತು ಜನರ ಟೇಬಲ್‌ನಲ್ಲಿ ಮೊದಲ ಕುರ್ಚಿಯಲ್ಲಿ ಬಂದಿದ್ದರೆ ಎಸೆಯಿರಿ, ಎಂಟು ಜನರನ್ನು ದಾಟಬೇಕು.

ಸಣ್ಣ ರೈಸ್

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವವರ ಆಯ್ಕೆ ಇದು. ಎರಡು ಬ್ಲೈಂಡ್ ಹಾಕುತ್ತೇನೆ, ಎಲ್ಲರೂ ಎಸೆದರೆ ಪಾಟ್ ನನ್ನದು, ಯಾರಾದರೂ ತಿರುಗಿ ತಳ್ಳಿದರೆ ಬಿಟ್ಟುಬಿಡುತ್ತೇನೆ. ಕೇಳಲು ಚೆನ್ನಾಗಿದೆ ಅಲ್ವಾ? ಸ್ಟಾಕ್ ಎಷ್ಟು ಅನ್ನುವುದರ ಮೇಲೆ ಇದು ಒಳ್ಳೆಯ ಉಪಾಯವೂ ಆಗಬಹುದು, ನೀರಿನಲ್ಲಿ ಹೋಮವೂ ಆಗಬಹುದು.

8 ಬ್ಲೈಂಡ್ ಇದ್ದಾಗ ಎರಡಕ್ಕೆ ರೈಸ್ ಮಾಡಿದಿರಿ, ಬಿಗ್ ಬ್ಲೈಂಡ್‌ನವರು ತಳ್ಳಿದರು. ಪಾಟ್‌ನಲ್ಲಿ 11.5 ಇದೆ, ನೀವು ಇನ್ನು 6 ಹಾಕಬೇಕು. ಶೇ 34 ಗೆಲ್ಲುವ ಅವಕಾಶ ಇದ್ದರೆ ಕಾಲ್ ಸರಿ. ರೈಸ್ ಮಾಡುವಷ್ಟು ಚೆನ್ನಾಗಿದ್ದ ಎಲೆಗೆ ಬಹುತೇಕ ಅಷ್ಟು ಇದ್ದೇ ಇರುತ್ತದೆ. ಅಂದರೆ ನೀವು ಹಿಂದೆ ಸರಿಯುವ ಹಾಗೇ ಇಲ್ಲ. ಸರಿಯಲಾಗದ ಮೇಲೆ ಮೊದಲೇ ಪೂರ್ತಿ ತಳ್ಳಿ ಅವರಿಗೆ ಹೆದರುವ ಅವಕಾಶ ಕೊಟ್ಟಿದ್ದರೆ ಚೆನ್ನಾಗಿತ್ತು. 12 ಬ್ಲೈಂಡ್‌ಗೆ ಈ ಲೆಕ್ಕ ಶೇ 39 ಆಗುತ್ತದೆ, 20ಕ್ಕೆ ಶೇ 43. ಅಲ್ಲಿಗೆ ಬಂದ ಮೇಲೆ ಎಸೆಯುವುದು ನಿಜವಾದ ಆಯ್ಕೆ. ಹಾಗಾಗಿ ಸಣ್ಣ ರೈಸ್‌ನ ಜಾಗ 15ರಿಂದ 25 ಬ್ಲೈಂಡ್. 12ರಿಂದ 15ರ ನಡುವೆ ಎಚ್ಚರಿಕೆಯಿಂದ. ಹತ್ತರ ಕೆಳಗೆ ಬೇಡ.

ಇನ್ನೊಂದು ತೊಡಕು ಬಿಗ್ ಬ್ಲೈಂಡ್‌ನವರು. ಎರಡಕ್ಕೆ ರೈಸ್ ಮಾಡಿದರೆ ಅವರು 4.5 ಇರುವ ಪಾಟ್‌ಗೆ ಇನ್ನೊಂದು ಬ್ಲೈಂಡ್ ಹಾಕಿದರೆ ಸಾಕು. ಶೇ 18 ಅವಕಾಶ ಇದ್ದರೂ ಅವರಿಗೆ ಗಿಟ್ಟುತ್ತದೆ. ಬಂದೇ ಬರುತ್ತಾರೆ. ಫ್ಲಾಪ್‌ಗೆ ಪಾಟ್ 5.5, ನಿಮ್ಮ ಹತ್ತಿರ (15ರಿಂದ ಶುರು ಮಾಡಿದ್ದರೆ) 13. ಒಂದು ಬೆಟ್, ಇನ್ನೊಂದು ಆಲ್-ಇನ್, ಅಷ್ಟಕ್ಕೆ ಮಾತ್ರ ಜಾಗ. ಅಲ್ಲಿ ಸರಿಯಾಗಿ ಆಡಲು ಬಂದರೆ ಸಣ್ಣ ರೈಸ್ ನಿಮಗೆ ಲಾಭ, ಬರದಿದ್ದರೆ ಎದುರಿನವರಿಗೆ.

ಎಲೆ ಪ್ರಕಾರವೂ ಬೇರೆ ಮಾಡಬೇಕು. ಐದರ ಜೋಡಿ ಈಗಲೇ ಗೆಲ್ಲಲು ಬಯಸುವ ಕೈ. ಫ್ಲಾಪ್‌ನಲ್ಲಿ ದೊಡ್ಡ ಎಲೆ ಬೀಳದೆ ಇರುವುದೇ ಅಪರೂಪ, ಬಿದ್ದ ಮೇಲೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುವುದಿಲ್ಲ. ಸಣ್ಣ ಎಲೆ ಜೊತೆಗಿನ ಎಕ್ಕದ್ದೂ ಇದೇ ಕಥೆ. 12-15 ಬ್ಲೈಂಡ್‌ನಲ್ಲಿ ಇಂಥ ನಡುಮಟ್ಟದ ಕೈಗಳು ತಳ್ಳಲು ಹೇಳಿ ಮಾಡಿಸಿದವು. ಸಣ್ಣ ರೈಸ್‌ಗೆ ಒಗ್ಗುವುದು ಎರಡು ತುದಿಯವು. ಒಂದು ಕಡೆ ಎಕ್ಕ, ರಾಜನ ಜೋಡಿಗಳು, ಯಾರಾದರೂ ತಳ್ಳಲಿ ಅಂತಲೇ ಕಾಯುವಂಥವು. ಇನ್ನೊಂದು ಕಡೆ ಒಂದೇ ಸೂಟಿನ ರಾಣಿ-ಗುಲಾಮನಂಥವು, ಫ್ಲಾಪ್ ನೋಡಲು ಚೆನ್ನ, ಬೇರೆಯವರು ತಳ್ಳಿದರೆ ಬೇಸರವಿಲ್ಲದೆ ಎಸೆಯಬಹುದು. ಬರೀ ದೊಡ್ಡ ಜೋಡಿಗೆ ಮಾತ್ರ ಸಣ್ಣ ರೈಸ್, ಉಳಿದಿದ್ದಕ್ಕೆಲ್ಲ ಆಲ್-ಇನ್ ಅಂತ ಆಡಿದರೆ ಕಣ್ಣು ಬಿಟ್ಟು ಕೂತ ಟೇಬಲ್‌ಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಬೇರೆಯವರು ರೈಸ್ ಮಾಡಿದ ಮೇಲೆ ತಳ್ಳುವುದು

15ರಿಂದ 22 ಬ್ಲೈಂಡ್ ಇರುವವರ ಹತ್ತಿರ ಇರುವ ಒಳ್ಳೆಯ ಆಯುಧ ಇದೇ ಅಂತ ನನ್ನ ಅಭಿಪ್ರಾಯ. ಬಟನ್‌ನವರು ಎರಡಕ್ಕೆ ರೈಸ್ ಮಾಡಿದ್ದಾರೆ. ನೀವು ಸ್ಮಾಲ್ ಬ್ಲೈಂಡ್, 18 ಇದೆ. ಪಾಟ್‌ನಲ್ಲಿ ಈಗ 4.5. ತಳ್ಳಿ ಎಲ್ಲರೂ ಎಸೆದರೆ ಸ್ಟಾಕ್ ಕಾಲು ಭಾಗ ಹೆಚ್ಚುತ್ತದೆ. ರೈಸ್ ಮಾಡಿದವರು ಕಾಲ್ ಮಾಡಲು ಇನ್ನೂ 16 ಹಾಕಬೇಕು, ಅದಕ್ಕೆ ಶೇ 42 ಅವಕಾಶ ಬೇಕು. ಬಟನ್‌ನಿಂದ ನೂರಕ್ಕೆ 45 ಕೈಗಳಲ್ಲಿ ರೈಸ್ ಮಾಡುವವರು ಅದರಲ್ಲಿ 15ಕ್ಕೆ ಮಾತ್ರ ಕಾಲ್ ಮಾಡಬಲ್ಲರು ಅಂದರೆ ಮೂರರಲ್ಲಿ ಎರಡು ಬಾರಿ ಎಸೆಯುತ್ತಾರೆ.

ಇಲ್ಲಿ ನೋಡಬೇಕಾದದ್ದು ರೈಸ್ ಮಾಡಿದವರು ಯಾರು ಅನ್ನುವುದು. ಬಟನ್, ಕಟ್‌ಆಫ್‌ನಿಂದ ಬಂದ ರೈಸ್ ಸಡಿಲ. ಮೊದಲ ಕುರ್ಚಿಯಿಂದ, ಅದೂ ಗಂಟೆಗೊಮ್ಮೆ ಆಡುವವರಿಂದ ಬಂದ ರೈಸ್‌ಗೆ ಒಂದೇ ಸೂಟಿನ ಎಕ್ಕ-ಐದು ತಳ್ಳಿದರೆ ಅವರು ಎಸೆಯುವುದಿಲ್ಲ. ಸ್ಟಾಕ್‌ಗೂ ಮಿತಿ ಇದೆ. 8 ಬ್ಲೈಂಡ್ ಇದ್ದಾಗ ಹೀಗೆ ತಳ್ಳಿದರೆ ಅವರಿಗೆ ಶೇ 33 ಸಾಕು, ಹಾಗಾಗಿ ಕಾಲ್ ಬಂದೇ ಬರುತ್ತದೆ ಅಂದುಕೊಂಡು ಒಳ್ಳೆ ಎಲೆಯಲ್ಲಿ ಮಾತ್ರ ತಳ್ಳಿ. 30 ಇದ್ದರೆ ಒಡ್ಡುವುದು ಜಾಸ್ತಿ, ಸಿಗುವುದು ಕಡಿಮೆ.

ಉಳಿದ ದಾರಿಗಳು

ಬರೀ ಕಾಲ್ ಮಾಡಿ ಫ್ಲಾಪ್ ನೋಡುವುದು. ನಾಲ್ಕರ ಜೋಡಿ ಹಿಡಿದು “ಮೂರನೆಯ ನಾಲ್ಕು ಬೀಳಲಿ” ಅಂತ ಕಾಯುವವರಿಗೆ ಅದು ಎಂಟೂವರೆ ಬಾರಿಗೊಮ್ಮೆ ಬೀಳುತ್ತದೆ. 100 ಬ್ಲೈಂಡ್ ಆಟದಲ್ಲಿ ಬಿದ್ದಾಗ ಸಿಗುವ ಲಾಭ ಹಿಂದಿನ ನಷ್ಟವನ್ನೆಲ್ಲ ತುಂಬುತ್ತದೆ. 15 ಬ್ಲೈಂಡ್‌ನಲ್ಲಿ ತುಂಬುವಷ್ಟು ಚಿಪ್ಸೇ ಇರುವುದಿಲ್ಲ. ಬೇರೆ ಕುರ್ಚಿಗಳಿಂದ ಇದನ್ನು ಮರೆತುಬಿಡಿ. ಬಿಗ್ ಬ್ಲೈಂಡ್‌ನಲ್ಲಿ ಕೂತಿದ್ದು, ಮೇಲೆ ಹೇಳಿದ ಶೇ 18ರ ಬೆಲೆ ಸಿಕ್ಕರೆ ಮಾತ್ರ ಬೇರೆ ಮಾತು. ಅಲ್ಲಿ ಕಾಲ್ ಮಾಡದಿರುವುದೇ ತಪ್ಪು.

ಲಿಂಪ್, ಅಂದರೆ ರೈಸ್ ಮಾಡದೆ ಬಿಗ್ ಬ್ಲೈಂಡ್‌ನಷ್ಟೇ ಹಾಕಿ ಒಳಗೆ ಹೋಗುವುದು, ಸ್ಮಾಲ್ ಬ್ಲೈಂಡ್‌ನಿಂದ ಮಾತ್ರ ಅರ್ಥವಿರುವ ಆಟ. ಅರ್ಧ ಬ್ಲೈಂಡ್ ಹಾಕಿದರೆ ಮೂರರ ಪಾಟ್‌ನಲ್ಲಿ ಪಾಲು. ಎದುರಿನವರು ಲಿಂಪ್ ಕಂಡರೆ ಸಾಕು ತಳ್ಳುವವರಾದರೆ ದೊಡ್ಡ ಎಲೆಗೆ ಇದು ಒಳ್ಳೆಯ ಬಲೆ.

ಸ್ಟಾಪ್ ಅಂಡ್ ಗೋ ಅಂತ ಹಳೆಯ ಒಂದು ಉಪಾಯ ಇದೆ. ಈಗ ಅಷ್ಟಾಗಿ ಯಾರೂ ಮಾತಾಡುವುದಿಲ್ಲ, ಆದರೆ 5-8 ಬ್ಲೈಂಡ್‌ನಲ್ಲಿ ಕೈಹಿಡಿಯುತ್ತದೆ. ಬಿಗ್ ಬ್ಲೈಂಡ್‌ನಲ್ಲಿ ಕಟ್ಟಿದ್ದೂ ಸೇರಿ 6 ಇದೆ. ಬಟನ್‌ನವರು ಎರಡೂವರೆಗೆ ರೈಸ್ ಮಾಡಿದರು, ಸ್ಮಾಲ್ ಬ್ಲೈಂಡ್ ಎಸೆದರು. ನೀವು ಈಗ ತಳ್ಳಿದರೆ ಅವರು ಎಸೆಯುವ ಮಾತೇ ಇಲ್ಲ. ಅದರ ಬದಲು ಕಾಲ್ ಮಾಡಿ, ಫ್ಲಾಪ್‌ನಲ್ಲಿ ಏನೇ ಬೀಳಲಿ, ಉಳಿದ 3.5 ಅನ್ನು ಮೊದಲು ನೀವೇ ತಳ್ಳಿಬಿಡಿ. ಪಾಟ್ 6.5 ಇರುತ್ತದೆ. ಅವರಿಗೆ ಶೇ 26 ಅವಕಾಶ ಬೇಕು. ನಿಮ್ಮ ಕೈಯಲ್ಲಿ ಸಣ್ಣ ಜೋಡಿ ಇದ್ದು, ಅವರ ಎರಡು ದೊಡ್ಡ ಎಲೆಗೆ ಫ್ಲಾಪ್‌ನಲ್ಲಿ ಏನೂ ಸಿಗದಿದ್ದರೆ, ಅವರ ಅವಕಾಶ ಸುಮಾರು ನಾಲ್ಕರಲ್ಲೊಂದು. ಜೋಡಿಯಿಲ್ಲದ ಎರಡು ಎಲೆಗೆ ಫ್ಲಾಪ್ ಮೂರರಲ್ಲಿ ಎರಡು ಬಾರಿ ಕೈಕೊಡುತ್ತದೆ. ಖಾಲಿ ಫ್ಲಾಪ್ ನೋಡಿ ಎಸೆದರೆ ನೀವು ಗೆದ್ದಿರಿ. ನೀವೇ ಮೊದಲು ಆಡುವಂತಿರಬೇಕು, ಎದುರಿಗೆ ಒಬ್ಬರೇ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಬೇಡ.

ಇನ್ನು ಕಾಯುವುದು. ಇದಕ್ಕೂ ಬೆಲೆ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಒಂದು ಸುತ್ತು ಬರೀ ಎಸೆಯುತ್ತಾ ಕೂತರೆ ಎರಡೂವರೆ ಬ್ಲೈಂಡ್ ಖರ್ಚು. 10 ಇದ್ದಿದ್ದು 7.5 ಆಗುತ್ತದೆ, ನಂತರ 5. ಸ್ಟಾಕ್ ಅನ್ನು ಒಂದು ಸುತ್ತಿನ ಖರ್ಚಿನಿಂದ ಭಾಗಿಸಿ ಇನ್ನೆಷ್ಟು ಸುತ್ತು ಬದುಕಬಹುದು ಅಂತ ಅಳೆಯುವ ಪದ್ಧತಿಗೆ ಎಂ ಅಂತ ಹೆಸರು, ಪೋಕರ್ ಆಟಗಾರ ಪಾಲ್ ಮ್ಯಾಗ್ರಿಯೆಲ್ ಅವರ ಹೆಸರಿನಿಂದ ಬಂದದ್ದು. ನಮ್ಮ 10 ಬ್ಲೈಂಡ್‌ಗೆ ಎಂ ಬರೀ 4. ಐದಕ್ಕೆ ಇಳಿದ ಮೇಲೆ ಎಕ್ಕದ ಜೋಡಿ ಬಂದು ಎರಡರಷ್ಟು ಮಾಡಿಕೊಂಡರೂ ಮತ್ತೆ 10ಕ್ಕೆ ಬಂದಿರಿ, ಎರಡು ಸುತ್ತು ಹಿಂದೆ ಇದ್ದಲ್ಲಿಗೇ.

ಮೂರು ಬ್ಲೈಂಡ್‌ಗಿಂತ ಕಡಿಮೆ ಆಗಿಹೋಗಿದ್ದರೆ ಯಾರನ್ನೂ ಓಡಿಸುವ ಆಸೆ ಬಿಡಿ. ಕಾಲ್ ಆಗುತ್ತದೆ ಅಂದುಕೊಂಡೇ ದೊಡ್ಡ ಎಲೆ ಹುಡುಕಿ ಹಾಕಿ. ಒಂದು ನಿಯಮ ಇಲ್ಲಿ ನೆನಪಿರಲಿ. ಒಬ್ಬರು 2000ಕ್ಕೆ ರೈಸ್ ಮಾಡಿದ ಮೇಲೆ ನೀವು 2800ಕ್ಕೆ ಆಲ್-ಇನ್ ಆದರೆ ಅದು ಪೂರ್ಣ ರೈಸ್ ಅಲ್ಲ, ಕನಿಷ್ಠ 3000 ಆಗಬೇಕಿತ್ತು. ಬಾಕಿಯವರು ಬರೀ ಕಾಲ್ ಮಾಡಿದರೆ, ಮೊದಲು ರೈಸ್ ಮಾಡಿದವರಿಗೆ ಮತ್ತೆ ರೈಸ್ ಮಾಡಿ ಉಳಿದವರನ್ನು ಓಡಿಸುವ ಹಕ್ಕು ಇರುವುದಿಲ್ಲ. ಅಂದರೆ ನೀವು ಹಲವರ ಎದುರು ಐದೆಲೆ ನೋಡಬೇಕಾಗಬಹುದು. ಗೆದ್ದರೆ ಮೂರು ಪಟ್ಟು, ನಾಲ್ಕು ಪಟ್ಟು.

ಯಾವ ಆಟ ಆಡುತ್ತಿದ್ದೀರಿ?

ಮೊದಲ ಸ್ಥಾನ ಗೆದ್ದವರಿಗೇ ಎಲ್ಲ ಬಹುಮಾನ ಅನ್ನುವ ಆಟದಲ್ಲಿ ಮೇಲಿನ ಲೆಕ್ಕಗಳು ಹಾಗೇ ನಡೆಯುತ್ತವೆ. ಹಲವರಿಗೆ ಹಂಚುವ ಟೂರ್ನಮೆಂಟ್‌ನಲ್ಲಿ ಬಹುಮಾನದ ಗೆರೆ ಹತ್ತಿರ ಬಂದಾಗ ಕಾಲ್ ಮಾಡುವುದು ದುಬಾರಿಯಾಗುತ್ತದೆ. ಎಷ್ಟು ದುಬಾರಿ ನೋಡಿ. ನಾಲ್ವರು ಉಳಿದಿದ್ದಾರೆ, ಸಮ ಸ್ಟಾಕ್. ಮೂವರಿಗೆ ಬಹುಮಾನ: 50, 30, 20 ಪಾಲು. ಈಗ ನಿಮ್ಮ ಸ್ಟಾಕ್‌ನ ಬೆಲೆ 25. ಚಿಪ್ಸ್‌ಗೆ ಬಹುಮಾನದಲ್ಲಿ ಎಷ್ಟು ಬೆಲೆ ಅಂತ ಅಳೆಯುವ ಐಸಿಎಂ ಅನ್ನುವ ಲೆಕ್ಕದ ಪ್ರಕಾರ, ಒಬ್ಬರನ್ನು ಹೊರಹಾಕಿ ಚಿಪ್ಸ್ ಎರಡರಷ್ಟು ಮಾಡಿಕೊಂಡರೆ ಬೆಲೆ 50 ಆಗುವುದಿಲ್ಲ, 38.3 ಆಗುತ್ತದೆ. ಸೋತರೆ ಸೊನ್ನೆ. ಹಾಗಾಗಿ ಆಲ್-ಇನ್‌ಗೆ ಕಾಲ್ ಮಾಡಲು ಶೇ 50 ಸಾಲದು, ಸುಮಾರು ಶೇ 65 ಬೇಕು. ಅಂಥ ಕೈ ಎಷ್ಟು ಸಿಗುತ್ತವೆ? ಎಕ್ಕ-ರಾಜಕ್ಕೇ ಎರಡರ ಜೋಡಿಯ ಎದುರು ಶೇ 50 ಇಲ್ಲ.

ತಮಾಷೆ ಅಂದರೆ ಇದೇ ಲೆಕ್ಕ ತಳ್ಳುವವರಿಗೆ ಅನುಕೂಲ. ಕಾಲ್ ಮಾಡುವವರಿಗೆ ಶೇ 65 ಬೇಕಾದರೆ ಅವರು ಜಾಸ್ತಿ ಎಸೆಯುತ್ತಾರೆ. ಗೆರೆಯ ಹತ್ತಿರ ಮೊದಲು ತಳ್ಳಿ, ಆದರೆ ಬೇರೆಯವರು ತಳ್ಳಿದಾಗ ಎಲೆ ಎಸೆಯಲು ಹಿಂಜರಿಯಬೇಡಿ. ನಿಮಗಿಂತ ಚಿಕ್ಕ ಸ್ಟಾಕ್ ಒಂದೆರಡು ಇದ್ದರೆ ಕಾಯುವುದಕ್ಕೂ ಬೆಲೆ ಬರುತ್ತದೆ. ಅವರು ಮೊದಲು ಹೋದರೆ ನಿಮಗೆ ಪುಕ್ಕಟೆ ಲಾಭ. ಸ್ಯಾಟಲೈಟ್‌ನಲ್ಲಿ, ಅಂದರೆ ಗೆದ್ದವರಿಗೆಲ್ಲ ದೊಡ್ಡ ಆಟದ ಒಂದೊಂದು ಸೀಟು ಸಿಗುವ ಕಡೆ, ಇದು ತುದಿ ಮುಟ್ಟುತ್ತದೆ. ಸೀಟು ಬಹುತೇಕ ಖಾತ್ರಿ ಆಗಿರುವಾಗ ಎಕ್ಕದ ಜೋಡಿಯನ್ನೂ ಎಸೆಯುವುದೇ ಸರಿ ಅನ್ನುವ ಸಂದರ್ಭ ಬರುತ್ತದೆ, ಹೆಚ್ಚಿನ ಚಿಪ್ಸ್‌ಗೆ ಅಲ್ಲಿ ಬೆಲೆಯೇ ಇಲ್ಲ.

ಕ್ಯಾಶ್ ಆಟ, ಅಂದರೆ ಚಿಪ್ಸ್‌ಗೆ ನೇರ ಹಣದ ಬೆಲೆ ಇರುವ ಆಟ, ಪೂರ್ತಿ ಬೇರೆ. ಬ್ಲೈಂಡ್ ಏರುವುದಿಲ್ಲ, ಆಂಟೆ ಸಾಮಾನ್ಯವಾಗಿ ಇರುವುದಿಲ್ಲ, ಕಾದರೆ ಆಗುವ ನಷ್ಟ ಒಂದು ಸುತ್ತಿಗೆ ಒಂದೂವರೆ ಬ್ಲೈಂಡ್. ಆದ್ದರಿಂದ 20 ಬ್ಲೈಂಡ್‌ನಿಂದ ನೇರ ತಳ್ಳುವುದಕ್ಕೆ ಅರ್ಥ ಇಲ್ಲ. ಒಳ್ಳೆ ಕೈಗೆ ಎರಡೂವರೆ-ಮೂರಕ್ಕೆ ರೈಸ್ ಮಾಡಿ, ಬೇರೆಯವರು ಸಡಿಲವಾಗಿ ರೈಸ್ ಮಾಡಿದಾಗ ತಿರುಗಿ ತಳ್ಳಿ. ಪಾಟ್‌ನಿಂದ ಕತ್ತರಿಸುವ ರೇಕ್ ಇರುವುದರಿಂದ ಸುಮ್ನೆ ಕಾಲ್ ಮಾಡಿ ಸಣ್ಣ ಪಾಟ್ ಆಡುವುದು ಇನ್ನೂ ಕೆಟ್ಟದು. ಫ್ಲಾಪ್ ಬೀಳದೆ ಮುಗಿದರೆ ಹಲವು ಕಡೆ ರೇಕ್ ಇಲ್ಲ, ಅದೂ ತಿರುಗಿ ತಳ್ಳುವವರ ಪರವೇ.

ಇಲ್ಲಿ ಇನ್ನೊಂದು ಆಯ್ಕೆ ಇದೆ, ಟೂರ್ನಮೆಂಟ್‌ನಲ್ಲಿ ಸಾಮಾನ್ಯವಾಗಿ ಇಲ್ಲದ್ದು. ಚಿಪ್ಸ್ ಕಡಿಮೆಯಾದರೆ ಮತ್ತೆ ಕೊಂಡು ತುಂಬಿಸಿಕೊಳ್ಳಬಹುದು. ಟೇಬಲ್‌ನವರು ನಿಮಗಿಂತ ಸಾಧಾರಣ ಆಟಗಾರರು, ಕಳೆದುಕೊಳ್ಳಲು ಎತ್ತಿಟ್ಟ ಹಣ ಇನ್ನೂ ಇದೆ ಅಂದರೆ 100ಕ್ಕೆ ತುಂಬಿಸಿ. ಅವರು ನಿಮಗಿಂತ ಬಲಿಷ್ಠರು, ಅಥವಾ ಎತ್ತಿಟ್ಟದ್ದು ಮುಗಿಯುತ್ತಾ ಬಂದಿದೆ ಅಂದರೆ 30-40ರಲ್ಲೇ ಆಡಿ, ಫ್ಲಾಪ್‌ಗೆ ಮೊದಲೇ ನಿರ್ಧಾರ ಮುಗಿಸಿ. ಎತ್ತಿಟ್ಟದ್ದೇ ಮುಗಿದಿದ್ದರೆ ಎದ್ದು ಬನ್ನಿ.